ಶವಾಗಾರದ ದೃಶ್ಯದಲ್ಲಿ ನಕ್ಕವಳು

ಅವನು ನನ್ನ ಎಡಿಟಿಂಗ್ ರೂಮಿಗೆ ತಾನಾಗಿಯೇ ಬರುತ್ತಾನೆ ಎಂದು ಗೊತ್ತಾದ ದಿನ ನಾನು ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಹೊರಟಿದ್ದೆ. ಅತ್ತಿಗೆ ಬಾಗಿಲಲ್ಲಿ ತಡೆದು, “ದಿನಾ ಅವನ ಮುಖಾನೇ ನೋಡ್ತಾ ಕೂತಿರ್ತೀಯ, ಇವತ್ತೊಂದಿನ ಮುಖ ಕೊಟ್ಟು ಮಾತಾಡು” ಎಂದಳು.

ದಿನಾ ನೋಡುವುದು ನಿಜವೇ. ಅವನ ಸಿನಿಮಾಗಳನ್ನೆಲ್ಲ ಕತ್ತರಿಸಿ ಜೋಡಿಸಿದವಳು ನಾನು. ಅವನ ಎಡಗಣ್ಣು ಬಲಗಣ್ಣಿಗಿಂತ ಕೊಂಚ ತಡವಾಗಿ ಮಿಟುಕುತ್ತದೆ ಎನ್ನುವುದು ಹೆತ್ತ ತಾಯಿಗೂ ಗೊತ್ತಿರಲಿಕ್ಕಿಲ್ಲ, ನನಗೆ ಗೊತ್ತು. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಹಾಗೆಯೇ, ಚೂರು ಚೂರಾಗಿ.

ಅವನು ಮೊದಲು ಸ್ಟ್ಯಾಂಡ್ ಅಪ್ ಕಾಮಿಡಿಯನ್. ಒಣಕಲು ಮೈಯನ್ನೇ ಗೇಲಿ ಮಾಡಿಕೊಂಡು ಮೇಲೆ ಬಂದವನಾದ್ದರಿಂದ ಎಲ್ಲರ ಬಾಯಲ್ಲೂ ‘ಕಡ್ಡಿ’. ಈಗ ಚಿತ್ರೋತ್ಸವದವರು ಅವನ ಅತ್ಯುತ್ತಮ ಪಾತ್ರಗಳ ಒಂದು ಸಂಜೆ ಇಟ್ಟುಕೊಂಡಿದ್ದರು. ಆಯ್ದ ದೃಶ್ಯಗಳನ್ನು ಅರ್ಧ ಗಂಟೆಗೆ ಹೊಂದಿಸುವ ಕೆಲಸ ನನ್ನದು.

ಅವನು ಬಂದ, ಕೂತ, ಕಾಫಿ ಕುಡಿದ. ನನ್ನ ಮುಖವನ್ನೇ ನೋಡುತ್ತ, “ಕತ್ತರಿ ಮೇಡಂ, ನಿಮ್ಮ ಹತ್ರ ಒಂದು ಕೇಳ್ಬೇಕು. ಕೇಳೋಕೆ ಒಂಥರಾ ಆಗತ್ತೆ” ಎಂದ. ನನ್ನ ಎದೆ ಬಾಯಿಗೆ ಬಂತು.

“ನೀವು ಅಳಿಸಿ ಹಾಕಿದ ನಗು ಇನ್ನೂ ಇದ್ಯಾ?”

ಎದೆ ತನ್ನ ಜಾಗಕ್ಕೆ ವಾಪಸು ಹೋಯಿತು. ಅವನು ಬಂದಿದ್ದು ಸತ್ತ ಹೆಂಡತಿಯನ್ನು ಹುಡುಕಿಕೊಂಡು.

ಅವನ ಹೆಂಡತಿ ಶೂಟಿಂಗಿಗೆ ಬಂದು ಮಾನಿಟರ್ ಪಕ್ಕ ಕೂತರೆ ಸೌಂಡ್ ರೆಕಾರ್ಡಿಸ್ಟ್ ತಲೆ ಚಚ್ಚಿಕೊಳ್ಳುತ್ತಿದ್ದ. ಗಂಡನ ಡೈಲಾಗ್ ಮುಗಿಯುವ ಮೊದಲೇ ನಕ್ಕುಬಿಡುತ್ತಿದ್ದಳು. ಒಳ್ಳೆಯ ಟೇಕಿನ ಮೇಲೆಲ್ಲ ಅವಳ ನಗು ಕೂತಿರುತ್ತಿತ್ತು. ಅವನ ಮಾತು ಉಳಿಸಿ ಅವಳ ನಗು ಕೆರೆದು ತೆಗೆಯುವುದು ವರ್ಷಗಟ್ಟಲೆ ನನ್ನ ಪಾಡಾಗಿತ್ತು. ನಾನು ಎಷ್ಟು ಶ್ರದ್ಧೆಯಿಂದ ಕೆರೆಯುತ್ತಿದ್ದೆ ಎನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷದ ಹಿಂದೆ ಅವಳು ತೀರಿಕೊಂಡಳು.

ಅಳಿಸಿದ್ದೆಲ್ಲ ಹಾರ್ಡ್ ಡಿಸ್ಕಿನಲ್ಲಿ ಹಾಗೇ ಇತ್ತು. ಅದನ್ನೆಲ್ಲ ವಾಪಸು ಹಾಕಿ ಎಂದ. ತನ್ನ ಅತ್ಯುತ್ತಮ ಪಾತ್ರಗಳು ಯಾವುವು ಎಂದು ವಿಮರ್ಶಕರು ಏನಾದರೂ ಹೇಳಿಕೊಳ್ಳಲಿ, ತನ್ನ ಲೆಕ್ಕದಲ್ಲಿ ಅವಳು ನೋಡಿ ನಕ್ಕ ಪಾತ್ರಗಳು ಮಾತ್ರ ಎಂದ.

ಮಾರನೆಯ ದಿನದಿಂದ ಮಧ್ಯಾಹ್ನಗಳಲ್ಲಿ ಇಬ್ಬರೂ ಕೂತು ಕೆಲಸ ಶುರು ಮಾಡಿದೆವು. ಮೊದಲು ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡು ತನ್ನ ಜೊತೆ ತಾನೇ ಜಗಳವಾಡುವ ಲಿಫ್ಟ್ ಆಪರೇಟರ್ ಪಾತ್ರ. ಆಮೇಲೆ ಗಿರಾಕಿಗಳ ಗುಟ್ಟನ್ನೆಲ್ಲ ಕನ್ನಡಿಗೆ ಹೇಳುವ ಕ್ಷೌರಿಕ. ಕಡ್ಡಿಗೆ ಒಂದು ಅಭ್ಯಾಸವಿತ್ತು. ಮಾತು ಮುಗಿದ ಮೇಲೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾನೆ. ಸ್ಟೇಜಿನ ಮೇಲೆ ಜನ ನಗಲಿ ಎಂದು ಬಿಡುವ ಜಾಗ ಅದು. ಕ್ಯಾಮೆರಾ ಮುಂದೆ ನಗುವವರು ಯಾರೂ ಇಲ್ಲದಿದ್ದರೂ ಆ ಜಾಗ ಬಿಡುತ್ತಿದ್ದ, ನಾನು ಕತ್ತರಿಸುತ್ತಿದ್ದೆ. ಈಗ ಆ ಜಾಗಕ್ಕೆಲ್ಲ ಅವಳನ್ನು ತಂದು ಕೂರಿಸಿದೆ.

ಅವಳದು ತಗ್ಗಿನ, ನಿಧಾನದ ನಗು. ಹಿಂದಿನ ಸ್ಪೀಕರಿನಿಂದ ಅದು ಬಂದಾಗಲೆಲ್ಲ ಅವನು ತಿರುಗಿ ಖಾಲಿ ಸೋಫಾ ನೋಡುತ್ತಿದ್ದ. ಎರಡನೆಯ ದಿನದಿಂದ ನಾನೂ ನೋಡತೊಡಗಿದೆ. ಮೂರನೆಯ ದಿನ ಆ ಸೋಫಾದ ಮೇಲೆ ಬ್ಯಾಗು ಇಡುವುದನ್ನು ಬಿಟ್ಟೆ. ಮನೆಗೆ ಹೋದರೂ ಅತ್ತಿಗೆ ಪಾತ್ರೆ ತೊಳೆಯುವ ಸದ್ದಿನ ನಡುವೆ ಆ ನಗು ಕೇಳಿ ಮೈ ಜುಂ ಎನ್ನುತ್ತಿತ್ತು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಕೆಟ್ಟವಳಲ್ಲ ನಾನು ಎಂದು ಹೇಳಿಕೊಳ್ಳುತ್ತಿದ್ದೆ. ಪಡುತ್ತಲೂ ಇದ್ದೆ.

“ನೀವು ಯಾಕೆ ನಗೋದೇ ಇಲ್ಲ?” ಎಂದು ಒಂದು ದಿನ ಕೇಳಿದ. ಹುಬ್ಬು ಒಂದಿಷ್ಟೇ ಎತ್ತಿ, ಸ್ಕ್ರೀನಿನ ಬೆಳಕಿನಲ್ಲಿ ನನ್ನನ್ನು ಓರೆಯಾಗಿ ನೋಡುವ ಆ ನೋಟ ಇದೆಯಲ್ಲ, ಅದಕ್ಕೆ ಟಿಕೆಟ್ ಇಡಬಹುದು.

“ನಾನು ನಗ್ತಾ ಕೂತ್ರೆ ನಿಮ್ಮ ಮೂಗು ಕತ್ತರಿಸಿ ಹೋಗತ್ತೆ.”

“ಹೋಗ್ಲಿ ಬಿಡಿ, ಅದೊಂದೇ ಈ ಮೈಯಲ್ಲಿ ದಪ್ಪಗಿರೋದು.”

ತುಟಿ ಕಚ್ಚಿಕೊಂಡೆ. ನಗುವ ಹಾಗಿರಲಿಲ್ಲ. ಕಾರಣವಿತ್ತು.

ಉಳಿದಿದ್ದು ಶವಾಗಾರದ ಕಾವಲುಗಾರನ ಪಾತ್ರ. ಅವನಿಗೆ ಹೆಸರು ತಂದುಕೊಟ್ಟದ್ದು ಅದೇ. ಸಾಲಾಗಿ ಮಲಗಿಸಿದ ಹೆಣಗಳ ಮುಂದೆ ನಿಂತು ಕಾವಲುಗಾರ ಜೋಕು ಹೇಳುತ್ತಾನೆ. “ನಿಮ್ಮಂಥ ಪ್ರೇಕ್ಷಕರು ಸಿಗಲ್ಲ ಕಣ್ರಪ್ಪ. ಮಧ್ಯದಲ್ಲಿ ಎದ್ದು ಹೋಗಲ್ಲ, ಫೋನೂ ನೋಡಲ್ಲ.” ಹೇಳಿ, ಅಭ್ಯಾಸದಂತೆ ಜಾಗ ಬಿಡುತ್ತಾನೆ. ಶೂಟಿಂಗಿನ ದಿನ ಆಗ ಸೆಟ್ಟಿನ ಕತ್ತಲಿನಿಂದ ಒಂದು ನಗು ಬಂತು. ಅವನು ಬೆಚ್ಚಿ ತಿರುಗಿದ. ಮುಖದಲ್ಲಿ ಮೊದಲು ಭಯ, ಆಮೇಲೆ ನಂಬಲಾಗದ ಸಂತೋಷ. ಸಿನಿಮಾದಲ್ಲಿ ಆ ನಗು ಇಲ್ಲ, ಮುಖ ಮಾತ್ರ ಇದೆ. ಅವನಿಗೆ ಅಲ್ಲಿ ಏನು ಕೇಳಿಸಿತು ಎಂದು ಜನ ಇವತ್ತಿಗೂ ಮಾತಾಡಿಕೊಳ್ಳುತ್ತಾರೆ.

ಅವನೇ ನನಗೆ ಹೇಳಿದ. ಆಗ ಹೆಂಡತಿ ಹಾಸಿಗೆ ಹಿಡಿದಿದ್ದಳು. ಎದ್ದು ಕೂರುವುದೇ ಕಷ್ಟ, ಆದರೂ ತನಗೆ ಹೇಳದೆ ಹೇಗೋ ಸೆಟ್ಟಿಗೆ ಬಂದು ನಕ್ಕು ಹೋಗಿದ್ದಳು. ಸಂಜೆ ಮನೆಗೆ ಓಡಿ, ನೀನು ಬಂದಿದ್ದೆ ಅಲ್ವಾ ಎಂದು ಕೇಳಿದರೆ, ಹೂಂ ಎಂದಳಂತೆ. ಆಮೇಲೆ ಹೆಚ್ಚು ದಿನ ಇರಲಿಲ್ಲ. “ಅವಳು ಕೊನೇ ಸಲ ನಕ್ಕಿದ್ದು ಅದು” ಎಂದ. “ಅದನ್ನ ಹಿಡ್ಕೊಂಡೇ ಇಷ್ಟು ದಿನ ಬದುಕಿದೀನಿ.”

ನಾನು ಕೀಬೋರ್ಡ್ ಒರೆಸುತ್ತ ಕೂತೆ. ಆ ದಿನ ಸೆಟ್ಟಿನಲ್ಲಿ ನಕ್ಕವಳು ನಾನು.

ಹಿಂದಿನ ದೃಶ್ಯಕ್ಕೆ ಹೊಂದುತ್ತದೆಯೇ ನೋಡಲು ನಿರ್ದೇಶಕರು ನನ್ನನ್ನು ಕರೆಸಿದ್ದರು. ಪ್ಲೈವುಡ್ ಗೋಡೆಯ ಹಿಂದೆ ನಿಂತಿದ್ದೆ. ತಡೆಯಲಾಗಲಿಲ್ಲ. ಯಾರದು ಎಂದು ನಿರ್ದೇಶಕರು ಗುಡುಗಿದಾಗ ಹಿಂಬಾಗಿಲಿನಿಂದ ಕಾಲಿಗೆ ಬುದ್ಧಿ ಹೇಳಿದ್ದೆ. ಆಮೇಲೆ ನನ್ನ ನಗುವನ್ನು ನಾನೇ ಕೆರೆದು ತೆಗೆದೆ.

ಈಗ ಬಾಯಿ ಬಿಟ್ಟರೆ ಅವನ ಕೈಯಲ್ಲಿ ಉಳಿದಿರುವ ಅವಳ ಕೊನೆಯ ನಗುವನ್ನು ಕಿತ್ತುಕೊಂಡಂತೆ. ಅವಳು ಸಾಯುವ ಮುಂಚೆ ಹೇಳಿದ ಮಾತು ಸುಳ್ಳು ಎಂದಂತೆ. ಬಿಡದಿದ್ದರೆ ನನ್ನ ನಗುವಿಗೆ ಅವಳ ಹೆಸರಿಟ್ಟು ನಾನೇ ತೆರೆಯ ಮೇಲೆ ಹಾಕಬೇಕು, ಅವನು ಅದನ್ನು ಎದೆಗವಚಿಕೊಂಡು ಹೋಗುವುದನ್ನು ನೋಡಬೇಕು. ಆ ದೃಶ್ಯದ ಧ್ವನಿಯ ಟ್ರ್ಯಾಕ್ ಹಾಳಾಗಿದೆ, ಸರಿ ಮಾಡುತ್ತಿದ್ದೇನೆ ಎಂದು ದಿನ ತಳ್ಳಿದೆ. ಕೊನೆಗೆ, ಅವನಿಗೆ ಅವಳೇ ಇರಲಿ ಎಂದು ಗಟ್ಟಿ ಮನಸ್ಸು ಮಾಡಿದೆ. ನಾಳೆ ಕೇಳಿಸುತ್ತೇನೆ, ಅದು ಅವಳದೇ ಎನ್ನುತ್ತೇನೆ, ಅಲ್ಲಿಗೆ ಮುಗಿಯಿತು.

ಮರುದಿನ ಫೈಲ್ ತೆರೆದುಕೊಳ್ಳುವಷ್ಟರಲ್ಲಿ ಅವನು ಸುಮ್ಮನಿರಲಾರದೆ ತನ್ನ ಮೊಟ್ಟಮೊದಲ ಪಾತ್ರದ ಕಥೆ ತೆಗೆದ. ಅದೂ ಹೆಣದ ಪಾತ್ರವೇ.

“ಶಾಟ್ ಮುಗಿದ ಮೇಲೆ ಡೈರೆಕ್ಟರ್ ಬಂದು, ಸ್ವಲ್ಪ ಓವರ್ ಆಕ್ಟಿಂಗ್ ಆಯ್ತು ಅಂದ್ರು. ನೋಡಿ ನಾನು ಸತ್ತಿದ್ದೀನಿ ಅಂತ ಜಂಭ ಕೊಚ್ಕೊಂಡ ಹಾಗಿತ್ತಂತೆ. ಏನು ಮಾಡೋದು? ಎರಡನೇ ಟೇಕಲ್ಲಿ ಸ್ವಲ್ಪ ಸಂಕೋಚದಿಂದ ಸತ್ತೆ.”

ಅದು ಹೇಗೆ ಬಂತೋ ಗೊತ್ತಿಲ್ಲ. ನನ್ನ ನಗು ಮೊದಲು ಬಿಕ್ಕಳಿಕೆಯ ಹಾಗೆ ಒಮ್ಮೆ ತಡೆದು, ಆಮೇಲೆ ಕಟ್ಟೆ ಒಡೆಯುತ್ತದೆ. ಕೋಣೆ ತುಂಬ ನಕ್ಕೆ. ಕಣ್ಣೊರೆಸಿಕೊಂಡು ನೋಡಿದರೆ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

“ಆ ಟ್ರ್ಯಾಕ್ ಹಾಕಿ” ಎಂದ.

“ಇವತ್ತು ಬೇಡ.”

“ಹಾಕಿ.”

ಹಾಕಿದೆ. ಹೆಣಗಳ ಸಾಲು. ಫೋನೂ ನೋಡಲ್ಲ. ಖಾಲಿ ಜಾಗ. ಬಿಕ್ಕಳಿಕೆ, ತಡೆ, ಆಮೇಲೆ ನಾನು.

ಸ್ಟೇಜ್ ಮೇಲೆ ನಿಂತು ಬದುಕಿದವರಿಗೆ ನಗುವಿನ ಗುರುತು ತಪ್ಪುವುದಿಲ್ಲ. ಆ ದಿನ ತಪ್ಪಿತ್ತು, ಅವಳದೇ ಆಗಿರಲಿ ಎಂದು ಕಿವಿ ಹಟ ಹಿಡಿದಿದ್ದರಿಂದ. ಈಗ ಅವನು ಸೋಫಾದ ಕಡೆ ತಿರುಗಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿದ್ದುದನ್ನು ನೋಡುತ್ತ, ಎಲ್ಲ ಹಾಳು ಮಾಡಿದೆ ಎಂದುಕೊಂಡೆ. ಕ್ಷಮಿಸಿ ಎಂದೆ. ಹೇಳಬಾರದು ಅಂತಲೇ ಇದ್ದೆ ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ.

ಬಹಳ ಹೊತ್ತಿನ ಮೇಲೆ ಮುಖದಿಂದ ಕೈ ತೆಗೆದ.

“ಊರೆಲ್ಲ ಇದೇ ನನ್ನ ಬೆಸ್ಟ್ ಪಾತ್ರ ಅಂತಾರೆ. ಅವತ್ತು ಸಂಜೆ ಹಾಸಿಗೆ ಮೇಲೆ ಅವಳು ಮಾಡಿದ್ದರ ಮುಂದೆ ಇದು ಏನೂ ಅಲ್ಲ. ಒಂದೇ ಡೈಲಾಗು. ಹೂಂ. ನಾನು, ಇಷ್ಟು ವರ್ಷ ಜೊತೇಲಿ ಬಾಳಿದೋನು, ನಂಬಿದೆ.”

ನಾನು ಸ್ಪೀಕರ್ ಆಫ್ ಮಾಡಿದೆ.

“ಆಮೇಲೆ ಇನ್ನೊಂದು ಕೇಳಿದ್ಳು. ಯಾರಿಗೂ ಹೇಳಿಲ್ಲ, ನನಗೇ ಅರ್ಥ ಆಗಿರ್ಲಿಲ್ಲ. ಆ ನಗು ಚೆನ್ನಾಗಿತ್ತಾ ಅಂದ್ಳು. ತನ್ನ ನಗೂನೇ ಯಾರಾದ್ರೂ ಹಾಗೆ ಕೇಳ್ತಾರಾ? ಚೆನ್ನಾಗಿತ್ತು, ಅದಿಲ್ದೆ ಇದ್ರೆ ನಾನು ಅಲ್ಲೇ ಕುಸಿದು ಹೋಗ್ತಿದ್ದೆ ಅಂದೆ. ಸ್ವಲ್ಪ ಹೊತ್ತು ಗೋಡೆ ನೋಡ್ತಾ ಇದ್ದು, ಹಾಗಾದ್ರೆ ಅದನ್ನ ಕಳ್ಕೋಬೇಡ ಅಂದ್ಳು.”

ಯಾರೋ ಒಬ್ಬಳು ತನ್ನ ಗಂಡನಿಗಾಗಿ ನಕ್ಕಿದ್ದಾಳೆ ಎಂದು ಅವಳಿಗೆ ಗೊತ್ತಿತ್ತು. ಹೆಸರು ಕೇಳದೆ, ಮುಖ ನೋಡದೆ, ನನ್ನನ್ನು ಒಪ್ಪಿಕೊಂಡು ಹೋಗಿದ್ದಳು. ವರ್ಷಗಟ್ಟಲೆ ನಾನು ಯಾರ ನಗುವನ್ನು ಕೆರೆದು ಹಾಕಿದ್ದೆನೋ ಅವಳು.

“ಅವತ್ತು ಯಾಕೆ ಓಡಿ ಹೋದ್ರಿ? ಡೈರೆಕ್ಟರ್ ಭಯಕ್ಕಾ?”

“ಇಲ್ಲ. ನೀವು ತಿರುಗಿ ನೋಡಿದ್ರಲ್ಲ, ಅದಕ್ಕೆ.” ನನ್ನ ದನಿ ನನಗೇ ಪರಕೀಯವಾಗಿತ್ತು. “ಹಾಗೆ ನನ್ನನ್ನ ಯಾರೂ ನೋಡಿರ್ಲಿಲ್ಲ. ಆ ನೋಟ ನನಗಲ್ಲ, ಅವರಿಗೆ ಅಂತ ಆ ಕ್ಷಣಾನೇ ಗೊತ್ತಾಯ್ತು. ನಿಂತಿದ್ರೆ ಅತ್ತುಬಿಡ್ತಿದ್ದೆ.”

ಅವನು ಕುರ್ಚಿಯನ್ನು ಸ್ಕ್ರೀನಿನಿಂದ ಈಚೆಗೆ ತಿರುಗಿಸಿಕೊಂಡ. ಭಯ ಅವನ ಮುಖದಲ್ಲಿ ಆಗಲೂ ಇತ್ತು. ಆದರೂ ಕಣ್ಣು ತಪ್ಪಿಸಲಿಲ್ಲ.

“ಈಗ ನೋಡ್ತಿರೋದು ನಿನ್ನನ್ನೇ” ಎಂದ.

ನಾನು ಓಡಲಿಲ್ಲ. ಅವಳು ನಮ್ಮಿಬ್ಬರ ನಡುವೆಯೇ ಇದ್ದಳು, ಅದು ಇಬ್ಬರಿಗೂ ಗೊತ್ತಿತ್ತು. ಅವಳಿಗೆ ಹೋಗು ಎಂದು ಇಬ್ಬರೂ ಹೇಳಲಿಲ್ಲ.