ಬಾಗಿಲು ತಟ್ಟಿದವನು

ಟಕ್... ಟಕ್... ಟಕ್...

ಅಡುಗೆಮನೆಯಲ್ಲಿ ಎಲ್ಲರ ಉಸಿರೂ ನಿಂತಿತು.

ಹೊರಗೆ ಹಿಮಗಾಳಿ ನಿನ್ನೆಯಿಂದ ಹುಚ್ಚೆದ್ದು ಬೀಸುತ್ತಿತ್ತು. ಕಿಟಕಿಗಳು ಹಿಮದಲ್ಲಿ ಹೂತುಹೋಗಿದ್ದವು. ಕರೆಂಟು ನಿನ್ನೆಯೇ ಹೋಗಿತ್ತು, ಹಾಡಹಗಲಲ್ಲೇ ಮೇಜಿನ ಮೇಲೆ ಸೀಮೆಎಣ್ಣೆ ದೀಪ ಉರಿಯುತ್ತಿತ್ತು. ಇಂಥ ಹೊತ್ತಿನಲ್ಲಿ ಬಾಗಿಲು ತಟ್ಟುವವರು ಯಾರು?

ಅಸಲಿಗೆ, ಬಾಗಿಲು ಅಂತ ತಟ್ಟುವವರೇ ಯಾರು? ನ್ಯೂಫೌಂಡ್‌ಲ್ಯಾಂಡಿನ ನಮ್ಮ ಈ ಕೊಲ್ಲಿಯಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ಚಿಲಕ ಎತ್ತುವುದು, ಒಳಗೆ ಬರುವುದು, ‘ಟೀ ಇದೆಯಾ?’ ಎನ್ನುವುದು, ಅಷ್ಟೇ. ತಟ್ಟಿದರೆ ಪರವೂರಿನವರು, ಇಲ್ಲವೇ ಸರ್ಕಾರದವರು ಎಂದೇ ಲೆಕ್ಕ.

ಅದಕ್ಕೇ ಸದ್ದು ಕೇಳಿದ್ದೇ ತಡ, ಸೈರಿಲ್ ಒಲೆಯ ಮೇಲಿದ್ದ ಪಾತ್ರೆಯನ್ನು ಎತ್ತಿ ಮೂಲೆಯ ಮಂಚದ ಕೆಳಗೆ ತಳ್ಳಿಬಿಟ್ಟ. ಅದರಲ್ಲಿ ಬೇಯುತ್ತಿದ್ದದ್ದು ಮೂಸ್ ಎಂಬ ದೈತ್ಯ ಕಾಡುಜಿಂಕೆಯ ಮಾಂಸ. ಚಳಿಗಾಲಕ್ಕೆ ಮುಂಚೆ ಪರವಾನಗಿ ಇಲ್ಲದೆ ಹೊಡೆದ ಮೂಸ್! ಬೇಟೆ ಇಲಾಖೆಯವರ ಕಣ್ಣಿಗೆ ಬಿದ್ದರೆ ಬಂದೂಕೂ ಹೋಯಿತು, ಗಾಡಿಯೂ ಹೋಯಿತು.

“ಅಪ್ಪಾ, ಈ ಗಾಳೀಲಿ ಯಾವ ಸರ್ಕಾರ ಬರುತ್ತೆ!” ಎನ್ನುತ್ತಾ ಮಗಳು ಡಲ್ಸಿ ಬಾಗಿಲಿಗೆ ಓಡಿದಳು.

ಅವಳ ಮನಸ್ಸಿನಲ್ಲಿ ಇದ್ದದ್ದು ಒಂದೇ. ಬೋಸನ್! ಅವಳ ಮುದಿ ನಾಯಿ. ಬೆಳಿಗ್ಗೆ ಒಂದು ನಿಮಿಷಕ್ಕೆಂದು ಹೊರಗೆ ಬಿಟ್ಟಿದ್ದಳು, ಅಷ್ಟರಲ್ಲೇ ಆ ಬಿಳುಪಿನಲ್ಲಿ ಕಾಣೆಯಾಗಿತ್ತು. ಕೂಗಿ ಕೂಗಿ ಅವಳ ಗಂಟಲು ಕಟ್ಟಿಹೋಗಿತ್ತು. ದೇವರೇ... ಯಾರಾದರೂ ನೋಡಿರಲಿ...

ಬಾಗಿಲು ಎಳೆದಾಗ ಎದೆಮಟ್ಟದ ಹಿಮ ಒಳಗೆ ಕುಸಿಯಿತು. ಅದರ ಹಿಂದೆ ಒಬ್ಬ ಗಂಡಸು. ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ಅವನು ಎಳೆದು ತಂದ ಜಾರುಬಂಡಿಯ ಮೇಲೆ ಕಂಬಳಿ ಸುತ್ತಿದ ದೊಡ್ಡ ಕಪ್ಪು ಗಂಟು.

“ನಿಮ್ಮ ನಾಯಿ,” ಎಂದ ಅವನು.

ಆ ದನಿ ಕೇಳಿದ್ದೇ ಡಲ್ಸಿಯ ಕೈ ಚಿಲಕದ ಮೇಲೇ ಉಳಿಯಿತು.

ಆಂಬ್ರೋಸ್!

ಒಂದು ಕಾಲದಲ್ಲಿ ದಿನಾ ಸಂಜೆ ಇದೇ ಚಿಲಕ ಎತ್ತಿ, ಇದೇ ಒಲೆಯ ಪಕ್ಕ ಕೂತು, ಅವಳ ಕೈಯಿಂದ ಟೀ ಕುಡಿದವನು. ಚಳಿ ಶುರುವಾಗುವ ಮುಂಚೆ ಒಂದು ದಿನ ಇದ್ದಕ್ಕಿದ್ದಂತೆ ಬರುವುದನ್ನೇ ಬಿಟ್ಟವನು. ಅಂಗಡಿಯಲ್ಲಿ ಎದುರಾದರೆ ಬಿಸ್ಕತ್ತಿನ ಡಬ್ಬಿಯ ಮೇಲಿನ ಅಕ್ಷರ ಓದುತ್ತಾ ನಿಲ್ಲುವವನು.

ಈಗ ಬಂದಿದ್ದಾನೆ. ಅದೂ ಬಾಗಿಲು ತಟ್ಟಿ!

‘ನಿಮ್ಮ ನಾಯಿಯಂತೆ! ನಮ್ಮ ಬೋಸನ್ ಅಂತಿದ್ದವನು ಇವನೇ ತಾನೆ?’ ಡಲ್ಸಿಗೆ ಅಳು ಬಂತು. ಆದರೆ ಕಂಬಳಿಯೊಳಗಿಂದ ಎರಡು ಕಂದು ಕಣ್ಣು ಅವಳನ್ನು ನೋಡಿದ್ದೇ, ಬೇರೆಲ್ಲ ಮರೆತು ಮಂಡಿಯೂರಿ ನಾಯಿಯನ್ನು ತಬ್ಬಿಕೊಂಡಳು.

“ಎಲ್ಲಿ ಸಿಕ್ಕಿತು?”

“ನನ್ನ ಬಾಗಿಲ ಹತ್ರ ಬಿದ್ದಿತ್ತು. ಒರೆಸಿ, ಬಿಸಿ ಹಾಲು ಕುಡಿಸಿದೀನಿ. ದಿನಾ ಬರ್ತಿತ್ತಲ್ಲ, ಇವತ್ತೂ ಬಂದಿದೆ.”

“ದಿನಾನಾ?”

“ಹೂಂ. ಅದಕ್ಕೇನು ಗೊತ್ತು...” ಎಂದು ಆಂಬ್ರೋಸ್ ಮಾತು ನುಂಗಿದ. “ಕಟ್ಟಿಹಾಕಿ ಇನ್ಮೇಲೆ. ಗಾಳಿ ನಿಂತ ಕೂಡಲೇ ನಾನು ಅಣ್ಣನ ಊರಿಗೆ ಹೋಗ್ತಿದೀನಿ. ದೋಣಿನೂ ಅಲ್ಲಿಗೇ ಒಯ್ತೀನಿ. ಮತ್ತೆ ಬಂದ್ರೆ ಬಾಗಿಲು ತೆಗೆಯೋರು ಇರಲ್ಲ. ಬರ್ತೀನಿ.”

ಹೋಗುತ್ತಾನಂತೆ! ಬರುವುದು ಬಿಟ್ಟದ್ದು ಸಾಲದು ಅಂತ ಈಗ ಊರೇ ಬಿಡುತ್ತಾನಂತೆ. ಯಾಕೆ ಎಂದು ಕೇಳಲು ಡಲ್ಸಿಗೆ ಬಾಯಿ ಬರಲಿಲ್ಲ. ಕೇಳಿದರೆ ಅಳುತ್ತೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಒಲೆಯ ಪಕ್ಕ ಕೂತಿದ್ದ ಮನೆಯ ಹಿರಿಯ ಜೀವ ಫೀಬಿ ಅಜ್ಜಿ ಸುಮ್ಮನಿರುವವರಲ್ಲ.

“ಎಲ್ಲಿಗೋ ಹೊರಟೆ? ನೀನು ತೋಡಿಕೊಂಡು ಬಂದ ದಾರಿ ಆಗಲೇ ಮುಚ್ಚಿಹೋಯ್ತು. ಬಾಗಿಲು ಹಾಕೋ, ನನ್ನ ಕೋಳಿಗಳಿಗೆ ಶೀತ ಆಗುತ್ತೆ! ಬೂಟು ಕಳಚಿ ಕೂತ್ಕೋ.”

“ಅಜ್ಜಿ, ನಾನು...”

“ಕೂತ್ಕೋ ಅಂದೆ.”

ಕೂತ. ಅಜ್ಜಿಯ ಮಾತು ಮೀರಿದವರು ಈ ಕೊಲ್ಲಿಯಲ್ಲಿ ಇನ್ನೂ ಹುಟ್ಟಬೇಕು.

ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಟ್ಟೆ ಒಗೆಯುವ ದೊಡ್ಡ ತೊಟ್ಟಿಯಲ್ಲಿ ಹೊರಗಿನ ಗೂಡಿನಿಂದ ತಂದ ಕೋಳಿಗಳು. ಒಲೆಯ ಮೇಲಿನ ಅಟ್ಟದಲ್ಲಿ ಟಾಫಿ ಬೆಕ್ಕು, ಕೋಳಿಗಳನ್ನೇ ನೋಡುತ್ತಾ. ಬೆನ್ನು ಹಿಡಿದುಕೊಂಡ ಸೈರಿಲ್ ಮಂಚದ ಮೇಲೆ ಪಾತ್ರೆಯ ನೆನಪಲ್ಲಿ ಬೆವರುತ್ತಾ ಕೂತಿದ್ದ. ಬೋಸನ್ ಒಲೆಯ ಮುಂದೆ ಒದ್ದೆ ಮೈಯಿಂದ ಆವಿ ಬಿಡುತ್ತಾ ಮಲಗಿತ್ತು. ಇವರೆಲ್ಲರ ನಡುವೆ, ಒಬ್ಬರ ಮುಖ ಒಬ್ಬರು ನೋಡದ ಇಬ್ಬರು.

ಡಲ್ಸಿ ಟೀ ಲೋಟವನ್ನು ಅವನ ಮುಂದೆ ಕುಕ್ಕಿದಳು. ಡಬ್ಬಿ ಹಾಲು, ಎರಡು ಚಮಚ ಸಕ್ಕರೆ... ಕೈ ತಾನಾಗಿಯೇ ಹಾಕಿಬಿಟ್ಟಿತ್ತು. ‘ಥೂ, ಈ ಕೈಗೆ ಮಾನ ಇಲ್ಲ!’

ಅವನು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ‘ಮರೆತಿಲ್ಲ ಇವಳು. ಹಾಗಿದ್ದರೆ ಆವತ್ತು ಯಾಕೆ...’

“ಕಾಕಂಬಿ ಬ್ರೆಡ್ ತಗೋ,” ಎಂದರು ಅಜ್ಜಿ. “ಬಡಕಲಾಗಿದೀಯ. ಯಾಕೋ ಬರೋದೇ ಬಿಟ್ಟೆ?”

ಆಂಬ್ರೋಸ್ ಲೋಟವನ್ನೇ ನೋಡಿದ. “ಬೇಡದೋರ ಮನೆಗೆ ಬರೋದು ನನಗೆ ಅಭ್ಯಾಸ ಇಲ್ಲ ಅಜ್ಜಿ.”

“ಏನಂದೆ?” ಡಲ್ಸಿ ಗರ್ರನೆ ತಿರುಗಿದಳು. “ಬೇಡ ಅಂದೋರು ಯಾರು? ಹೇಳು! ದಿನಾ ಸಂಜೆ ಆ ಕಿಟಕೀಲಿ ನಿಂತು ನಿಂತು ನನ್ನ ಕಾಲು...”

ಟಕ್ ಟಕ್ ಟಕ್!

ಎಲ್ಲರ ಕಣ್ಣೂ ಬಾಗಿಲ ಕಡೆ ತಿರುಗಿತು.

ಟಕ್ ಟಕ್ ಟಕ್ ಟಕ್!

“ಬಂದ್ರಪ್ಪೋ!” ಸೈರಿಲ್ ಬೆನ್ನುನೋವನ್ನೂ ಮರೆತು ಹಾರಿ, ಉಫ್ ಎಂದು ದೀಪ ಊದಿಬಿಟ್ಟ. ಕತ್ತಲು!

ಆ ಕತ್ತಲಲ್ಲಿ ಡಲ್ಸಿಯ ಪಿಸುದನಿ, ಯೋಚನೆಯೇ ಇಲ್ಲದೆ, ಎಷ್ಟೋ ಸಲ ಹೇಳಿ ರೂಢಿಯಾದ ಹಾಗೆ ಹೊರಬಿತ್ತು.

“ತೆಗೀಬೇಡಿ! ಸುಮ್ನಿರಿ... ಯಾರೂ ಇಲ್ಲ ಅನ್ಕೊಂಡು ತಾನಾಗೇ ಹೋಗ್ತಾನೆ!”

ಆಮೇಲೆ ಕುರ್ಚಿಯೊಂದು ಹಿಂದಕ್ಕೆ ಸರಿದ ಸದ್ದು.

“ಡಲ್ಸಿ...” ಎಂದ ಆಂಬ್ರೋಸ್. “ಆವತ್ತೂ... ನೀನು ಇದೇ ಮಾತು ಹೇಳಿದ್ದೆ. ಇದೇ ಥರ ದೀಪ ಆರಿತ್ತು.”

“ಯಾವತ್ತು?”

“ನಾನು ಬಾಗಿಲು ತಟ್ಟಿದ ದಿನ. ಹೊಸ ಶರ್ಟು ಹಾಕ್ಕೊಂಡು ಹೊರಗೆ ನಿಂತಿದ್ದೆ. ನೀನು ಹೇಳಿದ್ದು ಪೂರ್ತಿ ಕೇಳಿಸ್ತು. ತಾನಾಗೇ ಹೋಗ್ತಾನೆ ಅಂದೆ. ಹೋದೆ.”

ಡಲ್ಸಿಯ ಕೈ ಬಾಯಿಗೆ ಹೋಯಿತು. ಆವತ್ತು... ಮೇಜಿನ ತುಂಬ ಮಾಂಸ, ಅಪ್ಪನ ಕೈಯಲ್ಲಿ ಕತ್ತಿ, ಮೊಣಕೈವರೆಗೆ ರಕ್ತ... ಆಗ ಬಾಗಿಲು ತಟ್ಟಿದ ಸದ್ದು! ಬೇಟೆ ಇಲಾಖೆಯವರೆಂದು ಇಡೀ ಮನೆ ಉಸಿರು ಬಿಗಿಹಿಡಿದು ಕೂತಿತ್ತು. ತಟ್ಟಿದವರು ಹೋದ ಮೇಲೆ ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು!

“ಅದು ನೀನಾ?” ಎಂದಳು ಅವಳು. “ನೀನು ಯಾವತ್ತು ಬಾಗಿಲು ತಟ್ಟಿದ್ದೆ ಆಂಬ್ರೋಸ್? ನೀನು ಅಂತ ನಮಗೆ ಹೇಗೆ ಗೊತ್ತಾಗಬೇಕಿತ್ತು!”

“ಅಯ್ಯೋ ಪಾಪಿ!” ಸೈರಿಲ್ ಕತ್ತಲಲ್ಲೇ ಹಣೆ ಚಚ್ಚಿಕೊಂಡ. “ನಾನು ಇಲಾಖೆಯವ್ರು ಅಂದ್ಕೊಂಡೆ ಕಣೋ! ನೀನ್ಯಾಕೋ ತಟ್ಟಿದೆ? ಕೈ ತುಂಡಾಗಿತ್ತಾ? ಚಿಲಕ ಎತ್ತಕ್ಕೆ ಆಗ್ತಿರಲಿಲ್ವಾ?”

“ಸೈರಿಲ್ ಮಾಮ... ನಾನು ಹೆಣ್ಣು ಕೇಳೋಕೆ ಬಂದಿದ್ದೆ.”

ತೊಟ್ಟಿಯಲ್ಲಿ ಒಂದು ಕೋಳಿ ಮಾತ್ರ ಕೊಕ್ ಎಂದಿತು.

“ದೊಡ್ಡಪ್ಪ ಹೇಳಿಕೊಟ್ಟಿದ್ರು. ಸಕ್ಕರೆ ಕೇಳೋಕೆ ಹೋಗೋನ ಥರ ನುಗ್ಗಬೇಡ, ಇಂಥ ಮಾತಿಗೆ ಹೋಗುವಾಗ ಮರ್ಯಾದೆಯಾಗಿ ಬಾಗಿಲು ತಟ್ಟಬೇಕು ಅಂತ.”

“ನಿನ್ನ ದೊಡ್ಡಪ್ಪ ಮದುವೆ ಆಗದೇ ಉಳಿದಿದ್ದು ಯಾಕೆ ಅಂತ ಈಗ ಗೊತ್ತಾಯ್ತು,” ಎಂದರು ಫೀಬಿ ಅಜ್ಜಿ.

ಟಕ್ ಟಕ್ ಟಕ್!

“ಅದ್ಸರಿ, ಈಗ ತಟ್ತಿರೋರು ಯಾರು?” ಸೈರಿಲ್ ಗಾಬರಿಯಿಂದ ಪಿಸುಗುಟ್ಟಿದ.

ಅಜ್ಜಿ ಕಡ್ಡಿ ಗೀರಿ ದೀಪ ಹಚ್ಚಿದರು. ಒಲೆಯ ಮುಂದಿನ ಕಂಬಳಿ ಖಾಲಿಯಾಗಿತ್ತು. ಮಂಚದ ಕೆಳಗಿಂದ ಒಂದು ದಪ್ಪ ಕಪ್ಪು ಬಾಲ ಹೊರಗೆ ಚಾಚಿತ್ತು. ಅದು ಖುಷಿಯಿಂದ ಗೋಡೆಯ ಹಲಗೆಗೆ ಬಡಿಯುತ್ತಿತ್ತು. ಟಕ್ ಟಕ್ ಟಕ್!

ಬೋಸನ್ ಪಾತ್ರೆಯ ಮುಚ್ಚಳ ತಳ್ಳಿ, ಸೈರಿಲ್‌ನ ಅಪರಾಧದ ಸಾಕ್ಷಿಯನ್ನು ಮುಕ್ಕಾಲು ಪಾಲು ತಿಂದು ಮುಗಿಸಿತ್ತು.

“ನನ್ನ ಮೂಸ್!” ಸೈರಿಲ್ ಕಿರುಚಿದ.

ಮೊದಲು ನಕ್ಕದ್ದು ಅಜ್ಜಿ. ಆಮೇಲೆ ಆಂಬ್ರೋಸ್. ಡಲ್ಸಿ ನಗುತ್ತಾ ನಗುತ್ತಾ ಅಳತೊಡಗಿದಳು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಬಂಡೆ, ಅಲ್ಲ, ಇಡೀ ಚಳಿಗಾಲ ಕೂತಿದ್ದ ಬಂಡೆ ಒಮ್ಮೆಲೇ ಉರುಳಿಹೋಗಿತ್ತು. ನಾಯಿ ಬದುಕಿದೆ! ಮಾಂಸ ಕದಿಯುವಷ್ಟು ಗಟ್ಟಿಯಾಗಿ ಬದುಕಿದೆ! ಇವನಿಗೆ ಅವಳು ಬೇಡವಾಗಿರಲಿಲ್ಲ... ಒಂದು ದಿನವೂ ಬೇಡವಾಗಿರಲಿಲ್ಲ!

“ಒಂದು ಸಲ ನನ್ನ ಕೇಳಬಾರದಿತ್ತಾ?” ಎಂದಳು, ಕಣ್ಣೊರೆಸಿಕೊಳ್ಳುತ್ತಾ.

“ಹೆದರಿಕೆ ಆಯ್ತು. ಎದುರಿಗೇ ಬೇಡ ಅಂದುಬಿಟ್ರೆ ತಡ್ಕೊಳ್ಳೋಕೆ ಆಗ್ತಿರಲಿಲ್ಲ. ನೀನು ಕೇಳಬಾರದಿತ್ತಾ?”

“ನಂಗೂ ಅದೇ ಹೆದರಿಕೆ,” ಎಂದಳು ಮೆಲ್ಲಗೆ.

“ಸರಿ ಕಣೋ, ಈಗ ಕೇಳು,” ಎಂದ ಸೈರಿಲ್, ಪಾತ್ರೆಯ ತಳ ಕೆರೆಯುತ್ತಾ. “ನನ್ನ ಕಡೆಯಿಂದ ಒಪ್ಪಿಗೆ. ಊಟ ಮಾತ್ರ ಇಲ್ಲ.”

“ನಿಲ್ಲಿ ಅಪ್ಪಾ!” ಡಲ್ಸಿ ಸೊಂಟದ ಮೇಲೆ ಕೈಯಿಟ್ಟಳು. “ಬಾಗಿಲು ತಟ್ಟಿ ಬಂದೋರಿಗೆ ಈ ಮನೇಲಿ ಉತ್ತರ ಸಿಗಲ್ಲ. ಮೊದಲಿನ ಥರ ಬರಲಿ. ಆಮೇಲೆ ನೋಡೋಣ.”

ಮಧ್ಯಾಹ್ನ ಕಳೆಯುವ ಹೊತ್ತಿಗೆ ಗಾಳಿ ತಗ್ಗಿತು. ಬಾಗಿಲು ಪೂರ್ತಿ ಹೂತುಹೋಗಿದ್ದರಿಂದ ಆಂಬ್ರೋಸ್ ಸಲಿಕೆ ಹಿಡಿದು ಮಹಡಿಯ ಕಿಟಕಿಯಿಂದ ಹಿಮದ ದಿಬ್ಬದ ಮೇಲೆ ಜಾರಿದ. ಹಿಂದೆಯೇ ಬೋಸನ್ ಕೂಡ ಹಾರಲು ನೋಡಿತು. ಅಜ್ಜಿ ಕೊರಳಪಟ್ಟಿ ಹಿಡಿದು ಬೈದು ಕೂರಿಸಿದರು.

ಡಲ್ಸಿ ಬಾಗಿಲ ಒಳಗೆ ನಿಂತು ಸಲಿಕೆಯ ಸದ್ದು ಕೇಳುತ್ತಿದ್ದಳು. ಸರ್... ಸರ್... ಹತ್ತಿರ ಬರುತ್ತಿದೆ. ಈಗ ಮೆಟ್ಟಿಲ ಮೇಲೆ. ಈಗ ಬೂಟು ಕೊಡವುತ್ತಿದ್ದಾನೆ.

ಆಮೇಲೆ ಸದ್ದೇ ಇಲ್ಲ.

‘ತಟ್ಟಬೇಡ ಕಣೋ... ದಯವಿಟ್ಟು ತಟ್ಟಬೇಡ...’

ಚಿಲಕ ಮೇಲೆದ್ದಿತು.

ಬಾಗಿಲು ತೆರೆಯಿತು. ಎಷ್ಟೋ ಹೊತ್ತಿನ ನಂತರ ಹಗಲ ಬೆಳಕು ಅಡುಗೆಮನೆಯೊಳಗೆ ಬಂತು. ಅದರ ಜೊತೆಗೆ ಹೊಸ್ತಿಲಿಗೆ ಅವನೂ ಬಂದ, ಕೆಂಪು ಮೂಗು, ಒದ್ದೆ ಕೈಗವಸು, ಎಷ್ಟೋ ಸಂಜೆಗಳಲ್ಲಿ ಬಂದ ಹಾಗೇ.

“ಟೀ ಇದೆಯಾ?” ಎಂದ.

“ಇದೆ.”

“ನಾಳೆ?”

“ನಾಳೆನೂ ಇರುತ್ತೆ.”

“ಡಲ್ಸಿ...” ಎಂದ. “ಜೀವಮಾನ ಪೂರ್ತಿ?”

ಅವಳು ಅವನ ಕೈಗವಸು ಕಳಚಿ, ತಣ್ಣಗಾದ ಆ ಕೈಗಳನ್ನು ತನ್ನ ಕೈಗಳೊಳಗೆ ಇಟ್ಟುಕೊಂಡಳು.

“ಬಾಗಿಲು ಹಾಕಿ ಒಳಗೆ ಬಾ,” ಎಂದಳು. “ಮನೆಯೋರು ಹೊರಗೆ ನಿಂತು ಕೇಳ್ತಾರಾ?”