ಗೋಡೆಯ ಮೇಲಿನ ಎಪ್ಪತ್ತೊಂದು

ನ್ಯಾಯಾಧೀಶರು ತಲೆಗೆ ಪಟ್ಟಿ ಬಿಗಿದುಕೊಂಡು ಕಣ್ಣು ಮುಚ್ಚಿದರು. ಧಾರವಾಡದ ಆ ನ್ಯಾಯಾಲಯದ ಗೋಡೆಯ ಮೇಲೆ ಅಂಕಿಯೊಂದು ಏರುತ್ತ ಇಳಿಯುತ್ತ ಕೊನೆಗೆ ಎಪ್ಪತ್ತೊಂದರಲ್ಲಿ ನಿಂತಿತು.

ಡಾ. ಪ್ರಹ್ಲಾದ ಕುಲಗೋಡರು ಕಂಡುಹಿಡಿದ ಈ ನಿಶ್ಚಯಮಾಪಕ, ಆರೋಪಿಯೇ ಕೊಲೆ ಮಾಡಿದ್ದೆಂದು ನ್ಯಾಯಾಧೀಶರ ಮನಸ್ಸಿಗೆ ನೂರಕ್ಕೆ ಎಷ್ಟು ಖಾತ್ರಿಯಾಗಿದೆ ಎಂಬುದನ್ನು ಮೆದುಳಿನ ಸೂಕ್ಷ್ಮ ವಿದ್ಯುತ್ತಿನಿಂದ ಅಳೆಯುತ್ತಿತ್ತು. ತೊಂಬತ್ತೆಂಟು ಮುಟ್ಟದಿದ್ದರೆ ಬಿಡುಗಡೆ. ಸಂಶಯದ ಲಾಭ ಕೊಡಿರೆಂದು ವಕೀಲರು ಗಂಟಲು ಹರಿದುಕೊಳ್ಳುವ ಕಾಲ ಮುಗಿಯಿತೆಂದು ಕುಲಗೋಡರು ಹಿಗ್ಗಿದರು. ಊಟಕ್ಕೆ ಬಂದವನಿಗೆ ವಿಷವಿಕ್ಕಿದ ಆರೋಪ ಹೊತ್ತಿದ್ದ ಖಾನಾವಳಿಯ ದುಂಡವ್ವ ಅಂದೇ ಮನೆಗೆ ಹೋದಳು.

ಕೆಲವು ತಿಂಗಳ ಬಳಿಕ, ತಮ್ಮ ಯಂತ್ರ ಉಳಿಸಿದ ಜೀವವನ್ನು ಕಣ್ಣಾರೆ ಕಾಣುವ ಆಸೆಯಿಂದ ಅವರು ಆ ಖಾನಾವಳಿಗೆ ಹೋದರು. ಊಟದ ಹೊತ್ತು, ಆದರೂ ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ.

“ಆ ಮಶೀನ್ ಮಾಡಿದವ್ರು ನೀವ ಹೌದಲ್ರಿ?” ಎಂದಳು ದುಂಡವ್ವ. “ಮೊದಲೆಲ್ಲ ಕೋರ್ಟು ಬಿಟ್ರ ಬಿಟ್ಟಂಗ. ನಾಕ್ ದಿನಾ ಮಾತಾಡಿ ಮಂದಿ ಮರೀತಿದ್ರು. ಈಗ ನಾ ಹಾದ್ಯಾಗ ಹೊಂಟ್ರ ‘ಎಪ್ಪತ್ತೊಂದು ಬಂತು’ ಅಂತಾರ. ಅದನ್ನಷ್ಟ ಅಳಸ್ರಿ, ಸಾಹೇಬ್ರ.”

“ಅದು ನಿಮ್ಮ ಅಂಕಿ ಅಲ್ಲವ್ವಾ, ಜಡ್ಜ್ ಸಾಹೇಬ್ರ ಮನಸಿಂದು. ಕಾನೂನಿನ್ಯಾಗ ನೀವು ಪೂರಾ ನಿರಪರಾಧಿ.”

“ಹಂಗಾದ್ರ ಉಣ್ಣಾಕ ಕೂಡ್ರಿ.”

ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಂದವು. ಕುಲಗೋಡರು ರೊಟ್ಟಿ ಮುರಿದರು. ಕೈ ಅಲ್ಲೇ ನಿಂತಿತು. ನಿರಪರಾಧಿತ್ವದ ಬಗ್ಗೆ ಊರೂರು ತಿರುಗಿ ಭಾಷಣ ಬಿಗಿದ ಮನುಷ್ಯನಿಗೆ ಒಂದು ತುತ್ತೆತ್ತಲು ಧೈರ್ಯ ಸಾಲಲಿಲ್ಲ. ನಾಚಿಕೆಯಿಂದ ಮುಖ ಕೆಂಪೇರಿತು, ಕೈ ಮಾತ್ರ ಏಳಲಿಲ್ಲ.

ದುಂಡವ್ವ ಅವರ ತಟ್ಟೆಯಿಂದಲೇ ಒಂದು ಚೂರು ರೊಟ್ಟಿ ಮುರಿದು, ಎಣ್ಣೆಗಾಯಿಯಲ್ಲಿ ಅದ್ದಿ, ಅಗಿದು ನುಂಗಿದಳು.

“ಈಗ ಉಣ್ರಿ.”

ಅವರು ಉಂಡರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಇಬ್ಬರು ಹಮಾಲರೂ ಒಳಗೆ ಬಂದು ಕುಳಿತು, ಬಡಿಸಿದ ಮೇಲೆ ತಮ್ಮ ತಟ್ಟೆಗಳನ್ನೂ ಅವಳತ್ತ ಸರಿಸಿದರು.

ಖಾನಾವಳಿ ಮತ್ತೆ ತುಂಬುತ್ತಿದೆಯೆಂದು ಕೇಳಿ ಕುಲಗೋಡರು ಇನ್ನೊಮ್ಮೆ ಹೋದರು. ನಿಜ, ಕೂರಲು ಜಾಗ ಸಿಕ್ಕಿದ್ದೇ ಹೆಚ್ಚು. ಆದರೆ ಬಡಿಸಿದ ರೊಟ್ಟಿಯನ್ನು ಯಾರೂ ಮುಟ್ಟಿರಲಿಲ್ಲ. ದುಂಡವ್ವ ತಟ್ಟೆಯಿಂದ ತಟ್ಟೆಗೆ ಬಗ್ಗುತ್ತ, ಒಬ್ಬೊಬ್ಬರ ಮೊದಲ ತುತ್ತನ್ನು ತಾನು ನುಂಗುತ್ತ ಬರುತ್ತಿದ್ದಳು. ನ್ಯಾಯಾಲಯ ಒಮ್ಮೆ ಮುಗಿಸಿದ ವಿಚಾರಣೆ ಇಲ್ಲಿ ದಿನವೂ ನಡೆಯುತ್ತಿತ್ತು.

ಅವಳು ತಮ್ಮ ತಟ್ಟೆಗೆ ಬಗ್ಗುವ ಮೊದಲೇ ಕುಲಗೋಡರು ದೊಡ್ಡದೊಂದು ತುತ್ತು ಮುರಿದು ಬಾಯಿಗಿಟ್ಟುಕೊಂಡರು.

ದುಂಡವ್ವ ಒಂದು ಗಳಿಗೆ ಅವರನ್ನೇ ನೋಡಿದಳು.

“ಸಾವಕಾಶ ಉಣ್ರಿ, ಬಿಸಿ ಐತಿ,” ಎಂದು ಹೇಳಿ ಮುಂದಿನ ತಟ್ಟೆಗೆ ಬಗ್ಗಿದಳು.