ತೊಗಟೆ ಬಟ್ಟೆಯಲ್ಲಿ ಕಬ್ಬು

ತೊಗಟೆ ಬಟ್ಟೆಯ ಗಂಟು ಬಿಚ್ಚಿದಾಗ ಒಳಗೆ ಈಟಿ ಇರಲಿಲ್ಲ. ಕಬ್ಬಿನ ಜಲ್ಲೆ ಇತ್ತು — ಎರಡು ಮೊಳದ್ದು, ಈಟಿಯಷ್ಟೇ ಉದ್ದ.

ಬಿಚ್ಚಿದವಳು ಈಟಿ ಪಡೆಯಬೇಕಿದ್ದ ಹುಡುಗನ ಸೋದರತ್ತೆ ನಕಿಮೆರಾ. ಅಲೆ ಚಿಮ್ಮಿ ಗಂಟು ನೆನೆಯಿತೆಂದು ಒಣಗಿಸಲು ಹೋಗಿದ್ದಳು. ಈಗ ಜಲ್ಲೆಯನ್ನು ಹಾವಿನಂತೆ ದೂರ ಹಿಡಿದು ನಿಂತಿದ್ದಳು. ಊಟಕ್ಕೆಂದು ಅವಳೇ ತಂದಿದ್ದ ಕಟ್ಟಿನ ಕಬ್ಬು ಅದು.

ಲಾಂಚು ಮಸಾಕಾ ಕಡೆಯ ದಡ ಬಿಟ್ಟು ಅರ್ಧ ಗಂಟೆಯಾಗಿತ್ತು. ಸರೋವರದ ಸೆಸ್ಸೆ ದ್ವೀಪಗಳಲ್ಲಿ ಮೊದಲನೆಯದು ಇನ್ನೂ ಬಂದಿರಲಿಲ್ಲ. ಹಾಗಾದರೆ ಈಟಿ ಲಾಂಚಿನಲ್ಲೇ ಇರಬೇಕು. ಇಲ್ಲವೇ ನೀರಿನ ತಳದಲ್ಲಿ.

ನಿವೃತ್ತ ಇನ್ಸ್‌ಪೆಕ್ಟರ್ ಲುಟಾಯಾ ಬಾಯಲ್ಲಿದ್ದ ಕಡಲೆಕಾಯಿಯನ್ನು ಅಗಿಯದೆ ನುಂಗಿದ. ಕುಟುಂಬದ ಸ್ನೇಹಿತನೆಂದು ಕರೆದಿದ್ದರು. ಊಟ ಮಾಡಿ ಸಂಜೆ ವಾಪಸಾಗುವ ಆಸೆಯಿಂದ ಬಂದಿದ್ದ. ಹಳೆ ಕೆಲಸ ಬಿಟ್ಟಿದ್ದರೂ ಕೆಲಸ ಅವನನ್ನು ಬಿಟ್ಟಿರಲಿಲ್ಲ.

ವರ್ಷದ ಹಿಂದೆ ಮನೆತನದ ಹಿರಿಯ ಮುಗೆರ್ವಾನ ತಮ್ಮ ಮೀನಿಗೆ ಹೋದವನು ಜೀವಂತ ತಿರುಗಿ ಬರಲಿಲ್ಲ. ಇಂದು ದ್ವೀಪದ ಮನೆಯಂಗಳದಲ್ಲಿ ಆ ತಮ್ಮನ ಕಿರಿಮಗ ಕಗ್ಗ್ವಾನಿಗೆ ತೊಗಟೆ ಬಟ್ಟೆ ಹೊದಿಸಿ, ಕೈಗೆ ಮನೆತನದ ಈಟಿ ಕೊಟ್ಟು, ಉತ್ತರಾಧಿಕಾರಿ ಎಂದು ಕೂಗಬೇಕಿತ್ತು. ಕುಲದವರೆಲ್ಲ ಕಾದಿದ್ದರು. ಈಟಿ ಇಲ್ಲದೆ ಉತ್ತರಾಧಿಕಾರಿ ಇಲ್ಲ.

ಮುಗೆರ್ವಾ ಹುಡುಕಲೇ ಇಲ್ಲ. ನೇರವಾಗಿ ತಮ್ಮನ ಮೊದಲ ಹೆಂಡತಿಯ ಮಗ ಸೆಂಪಾನತ್ತ ಬೆರಳು ಚಾಚಿದ. ಹಿರಿಮಗನನ್ನು ಬಿಟ್ಟು ಕಿರಿಯನನ್ನು ಆರಿಸಿದ್ದರು. ಗಂಟಿನ ಪಕ್ಕ ಕಾವಲು ಕೂತವನೂ ಅವನೇ. ಮಧ್ಯಾಹ್ನದೊಳಗೆ ಈಟಿ ಸಿಗದಿದ್ದರೆ ಅವನನ್ನು ದ್ವೀಪದ ಪೊಲೀಸರಿಗೆ ಒಪ್ಪಿಸುತ್ತೇನೆ, ಅಪ್ಪನ ಸಮಾಧಿಗೂ ಕಾಲಿಡಲು ಬಿಡುವುದಿಲ್ಲ ಎಂದ.

"ಕದಿಯೋನಾಗಿದ್ರೆ ಕಬ್ಬು ಯಾಕೆ ಇಡ್ಲಿ, ದೊಡ್ಡಪ್ಪ? ಅಷ್ಟು ಸಿಹಿ ನನ್ನ ಹತ್ರ ಎಲ್ಲಿದೆ?" ಎಂದ ಸೆಂಪಾ. ನಗು ತುಟಿಯಲ್ಲಿತ್ತು, ಕಣ್ಣಲ್ಲಿರಲಿಲ್ಲ.

"ಗಂಟು ಬಿಟ್ಟು ಎದ್ದು ಹೋಗಿದ್ದೆಯಾ?" — ಲುಟಾಯಾ.

"ಒಂದೇ ಸಲ. ಎಲ್ರೂ ನೀರಿಗೆ ಕಾಣಿಕೆ ಅಂತ ಕಾಫಿ ಬೀಜ ಎಸೆಯೋಕೆ ಹೋದಾಗ."

"ಎಲ್ಲರೂ?"

"ಚಿಕ್ಕಮ್ಮ ಬರ್ಲಿಲ್ಲ. ಗಂಟು ನಾನು ನೋಡ್ಕೋತೀನಿ ಅಂದ್ರು."

ಚಿಕ್ಕಮ್ಮ ಎಂದರೆ ವಿಧವೆ ನಬ್ಬಂಜಾ, ಕಗ್ಗ್ವಾನ ತಾಯಿ. ಕಂಬಿಗೆ ಒರಗಿ ನಿಂತಿದ್ದಳು. ನೆಲ ಮುಟ್ಟುವ ಹಳದಿ ಗೋಮೆಸಿ ನಿಲುವಂಗಿಯ ಮುಂಭಾಗದಲ್ಲಿ ಎರಡು ದುಂಡನೆಯ ಕೆಸರು ಕಲೆ. ಬೀಜ ಎಸೆಯಲು ಯಾಕೆ ಬರಲಿಲ್ಲವೆಂದು ಲುಟಾಯಾ ಕೇಳಿದ.

"ಈ ನೀರಿಗೆ ನಾನು ಕೊಡೋದೆಲ್ಲ ಕೊಟ್ಟಾಯ್ತು," ಎಂದಳು. ಗಂಟಿನ ಹತ್ತಿರ ಯಾರೂ ಬರಲಿಲ್ಲವಂತೆ.

ಗಂಡಸರು ಲಾಂಚನ್ನು ಜಾಲಾಡಿದರು. ಡೆಕ್ಕಿನಲ್ಲಿ ನಿಲ್ಲಿಸಿದ್ದ ಲಾರಿಯ ಮೇಲಿನ ಬಾಳೆಗೊನೆಗಳ ಸಂದು, ಮೇಕೆಗಳ ಮಧ್ಯೆ, ಹಗ್ಗದ ಸುರುಳಿಯೊಳಗೆ. ಈಟಿ ಇಲ್ಲ. ಸೆಂಪಾನ ಚೀಲವನ್ನು ಮುಗೆರ್ವಾ ಡೆಕ್ಕಿನ ಮೇಲೆ ಸುರಿದ. ಒಂದು ಒಗೆದ ಅಂಗಿ, ಅಪ್ಪನ ಹಳೆಯ ಫೋಟೋ ಬಿದ್ದವು. ಸೆಂಪಾ ಫೋಟೋದ ಮೇಲಿನ ನೀರನ್ನು ತೋಳಿನಿಂದ ಒರೆಸಿಕೊಂಡ.

ಅಷ್ಟರಲ್ಲಿ ಚಹಾ ಬಂತು. ನಕಿಮೆರಾ ಒದ್ದೆ ಡೆಕ್ಕಿನ ಮೇಲೆಯೇ ಮೊಣಕಾಲೂರಿ ಲುಟಾಯಾನಿಗೆ ಲೋಟ ಕೊಟ್ಟಳು. ಗಂಡಸಿಗೆ, ಅದರಲ್ಲೂ ಹಿರಿಯರಿಗೆ, ಏನು ಕೊಡುವುದಿದ್ದರೂ ಅಲ್ಲಿನ ಹೆಂಗಸರದು ಹಾಗೆಯೇ. ನಬ್ಬಂಜಾ ಮುಗೆರ್ವಾನಿಗೆ ನಿಂತೇ ಚಾಚಿದಳು. "ಡೆಕ್ ಒದ್ದೆ ಇದೆ, ಭಾವ."

"ಮಸಾಕಾ ಪೇಟೆಯ ನೀರು ಕುಡಿದ ಮೇಲೆ ಕೆಲವರ ಮೊಣಕಾಲು ಬಿಗೀತವೆ," ಎಂದು ನಕಿಮೆರಾ ಚುಚ್ಚಿದಳು.

ಲುಟಾಯಾ ಚಹಾ ಕುಡಿಯಲಿಲ್ಲ. ಅವನಿಗೊಂದು ಕೆಟ್ಟ ಚಾಳಿ — ಕಂಡವರ ನಡೆನುಡಿಯನ್ನೆಲ್ಲ ಅನುಕರಿಸುವುದು. ಠಾಣೆಯಲ್ಲಿ ಕಳ್ಳರೂ ಕೇಳಿ ಕೇಳಿ ಮಾಡಿಸಿಕೊಳ್ಳುತ್ತಿದ್ದರು. ಈಗ ಎಲ್ಲರ ಬೆಳಗಿನ ನಮಸ್ಕಾರವನ್ನು ತನ್ನಷ್ಟಕ್ಕೆ ಒಂದೊಂದಾಗಿ ನಟಿಸುತ್ತ ಹೋದ. ಮುಗೆರ್ವಾನ ಗೊರಕೆಯಂಥ "ಹೂಂ". ನಕಿಮೆರಾಳ ರಾಗ. ನಬ್ಬಂಜಾಳದು ಬಂದಾಗ ಅವನ ಮೊಣಕಾಲು ತಾನಾಗಿ ಮಡಿಚಿತು. ಅರ್ಧಕ್ಕೇ ನಿಂತ.

"ಮುಗೆರ್ವಾ, ಸೆಂಪಾನನ್ನು ಬಿಟ್ಟುಬಿಡಿ," ಎಂದ. "ಈಟಿ ಸಿಕ್ಕಿತು."

ಎಲ್ಲರೂ ತಿರುಗಿದರು.

"ತಾಯಿ, ಬೆಳಿಗ್ಗೆ ದಡದಲ್ಲಿ ಪಾದ ಮುಳುಗುವಷ್ಟು ಕೆಸರು. ಅದರಲ್ಲೇ ಮೊಣಕಾಲೂರಿ ನನಗೆ ನಮಸ್ಕಾರ ಹೇಳಿದಿರಿ. ಕಲೆ ಇನ್ನೂ ಒಣಗಿಲ್ಲ. ಕೆಸರಿಗೆ ಅಂಜದವರು ಬರೀ ನೀರಿಗೆ ಅಂಜುತ್ತಾರಾ? ನಾವು ಬೀಜ ಎಸೆದು ಬಂದ ಮೇಲೆ ನೀವು ಕೂತಿದ್ದನ್ನೂ ನಾನು ಕಾಣೆ." ಅವನು ದನಿ ತಗ್ಗಿಸಿದ. "ಎರಡು ಮೊಳದ ಈಟಿ ಕಾಲಿಗೆ ಕಟ್ಟಿಕೊಂಡರೆ ಮೊಣಕಾಲು ಮಡಿಚೋದು ಹೇಗೆ? ನಾವೆಲ್ಲ ಅದನ್ನು ಗರ್ವ ಅಂದುಕೊಂಡೆವು."

ನಬ್ಬಂಜಾ ಅಲ್ಲಗಳೆಯಲಿಲ್ಲ. ಕಗ್ಗ್ವಾನನ್ನೇ ನೋಡುತ್ತ ಮಾತಾಡಿದಳು. ಮಾವ ಆ ಈಟಿ ಹಿಡಿದ, ನೀರು ತಗೊಂಡಿತು. ಗಂಡ ಹಿಡಿದ, ನೀರು ತಗೊಂಡಿತು. ಈಟಿಯ ಜೊತೆ ಮನೆ, ಮನೆಯ ಜೊತೆ ದೋಣಿ. ಮಗ ಮಸಾಕಾದಲ್ಲಿ ಹೊಲಿಗೆ ಯಂತ್ರದ ಮುಂದೆ ಬದುಕಿರಲಿ ಎಂದಷ್ಟೇ ಆಸೆಪಟ್ಟಿದ್ದಳು. ಸೆಂಪಾನ ಮೇಲೆ ಬರುತ್ತದೆಂದು ಯೋಚಿಸಿರಲಿಲ್ಲ. ಬಂದ ಮೇಲೆ ಬಾಯಿ ಏಳಲಿಲ್ಲ.

"ನೀರಿಗೆ ಎಸೆದಿದ್ದರೆ ನನಗೂ ಸಿಗುತ್ತಿರಲಿಲ್ಲ," ಎಂದ ಲುಟಾಯಾ.

"ಹಿಡಿ ಸವೆದಿರೋದು ಅವರ ಅಂಗೈಯಿಂದ. ಹೇಗೆ ಎಸೀಲಿ?"

ಅವಳು ಲಾರಿಯ ಮರೆಗೆ ಹೋಗಿ ಬಂದಳು. ಕೈಯಲ್ಲಿ ಈಟಿ ಇತ್ತು. ಕಗ್ಗ್ವಾ ಅದನ್ನು ತೆಗೆದುಕೊಂಡು ಮುಗೆರ್ವಾನ ಎದುರು ನಿಂತ.

"ಈಟಿ ಹಿಡೀತೀನಿ, ದೊಡ್ಡಪ್ಪ. ದೋಣಿ ಹತ್ತಲ್ಲ."

ಮುಗೆರ್ವಾ ಹತ್ತಿರವಾಗುತ್ತಿದ್ದ ದ್ವೀಪವನ್ನು ನೋಡುತ್ತ ನಿಂತ. ಅಲ್ಲಿ ಡೋಲು ಶುರುವಾಗಿತ್ತು.

ನಬ್ಬಂಜಾ ನಿಧಾನವಾಗಿ ನಡೆದು ಸೆಂಪಾನ ಮುಂದೆ ಬಂದಳು. ಅವನ ಬಟ್ಟೆ ಚೆಲ್ಲಿದ್ದ ಜಾಗದಲ್ಲೇ ಎರಡೂ ಮೊಣಕಾಲೂರಿದಳು. ಹಳದಿ ಗೋಮೆಸಿ ನೀರು ಹೀರತೊಡಗಿತು.

ಸೆಂಪಾ ಬಗ್ಗಿ ಅವಳ ತೋಳಿಗೆ ಕೈ ಕೊಟ್ಟ.

"ಏಳಿ ಚಿಕ್ಕಮ್ಮ," ಎಂದ. "ಡೆಕ್ ಒದ್ದೆ ಇದೆ."